ಮರಳ ಕಣದೊಳಗಿನ ಕಾಲ

ತುರುವೇಕೆರೆ ಸೀಮೆಯಲ್ಲಿ ಶಿಂಷಾ ದಂಡೆಯ ಮರಳಿಗೆ ಲಾರಿ ಲೋಡಿನ ಬೆಲೆಯುಂಟು. ಅದರ ಒಂದೊಂದು ಕಣವೂ ತಾನು ಕಡೆಯ ಬಾರಿ ಬಿಸಿಲು ಕಂಡು ಎಷ್ಟು ಕಾಲವಾಯಿತೆಂಬ ಲೆಕ್ಕವನ್ನು ಒಡಲಲ್ಲಿ ಇಟ್ಟುಕೊಂಡಿರುತ್ತದೆ ಎಂಬುದು ತೆಂಗಿನ ನಾಡಿನವನಾದ ನನಗೆ ಆ ಬೆಲೆಗಿಂತ ದೊಡ್ಡ ಸಂಗತಿ.

ಮಣ್ಣಿನೊಳಗಿನ ಯುರೇನಿಯಂ, ಥೋರಿಯಂ, ಪೊಟ್ಯಾಸಿಯಂಗಳಿಂದಲೂ ಅಂತರಿಕ್ಷದಿಂದಲೂ ಬರುವ ಅಲ್ಪ ವಿಕಿರಣವು ಹೂತ ಬೆಣಚುಕಲ್ಲಿನ ಕಣಗಳಲ್ಲಿ ಎಲೆಕ್ಟ್ರಾನುಗಳನ್ನು ಕದಲಿಸುತ್ತದೆ. ಅವುಗಳಲ್ಲಿ ಕೆಲವು ಹರಳಿನ ದೋಷಗಳಲ್ಲಿ ಸಿಕ್ಕಿಕೊಂಡು ಉಳಿಯುತ್ತವೆ. ಹೂತಿರುವಷ್ಟು ಕಾಲವೂ ಈ ಗಂಟು ಬೆಳೆಯುತ್ತದೆ. ಬಿಸಿಲು ತಗುಲಿದೊಡನೆ ಕರಗುತ್ತದೆ. ಪ್ರಯೋಗಾಲಯದಲ್ಲಿ ಕಣದ ಮೇಲೆ ಬೆಳಕು ಹಾಯಿಸಿದಾಗ ಅದು ಸೂಕ್ಷ್ಮವಾಗಿ ಮಿನುಗುತ್ತದೆ. ಆ ಮಿನುಗಿನಿಂದ ಕಣವು ಹೀರಿದ ಒಟ್ಟು ವಿಕಿರಣವನ್ನು ತಿಳಿದು, ಒಂದು ವರ್ಷದಲ್ಲಿ ಹೀರುವ ಪ್ರಮಾಣದಿಂದ ಭಾಗಿಸಿದರೆ ಹೂತ ವರ್ಷಗಳು ದೊರೆಯುತ್ತವೆ. ಕೆನಡಾದ ಡೇವಿಡ್ ಹಂಟ್ಲಿ ಮತ್ತು ಸಂಗಡಿಗರು 1985ರಲ್ಲಿ ಈ ದ್ಯುತಿ ವಿಧಾನವನ್ನು ಪ್ರಕಟಿಸಿದರು. ರೇಡಿಯೋ ಕಾರ್ಬನ್ ವಿಧಾನಕ್ಕೆ ಇದ್ದಿಲೋ ಎಲುಬೋ ಬೇಕು. ಅದರ ಎಟುಕು ಸುಮಾರು 50,000 ವರ್ಷ. ಇಲ್ಲಿ ಮರಳೇ ಸಾಕ್ಷಿ.

ಹೊಳೆಯ ಮರಳು ಮಾತ್ರ ತುಸು ತಕರಾರಿನದು. ಕೆಂಪು ನೆರೆಯಲ್ಲಿ ಉರುಳಿ ಬಂದ ಕಣಗಳಿಗೆಲ್ಲ ಬಿಸಿಲು ಸಮನಾಗಿ ತಾಗಿರುವುದಿಲ್ಲ. ಹಳೆಯ ಗಂಟು ಉಳಿದ ಕಣ ತನ್ನ ವಯಸ್ಸನ್ನು ಹೆಚ್ಚಿಸಿ ಹೇಳುತ್ತದೆ. ಆದ್ದರಿಂದ ತಜ್ಞರು ಕಣಗಳನ್ನು ಬಿಡಿಬಿಡಿಯಾಗಿ ಅಳೆದು, ಪೂರ್ತಿ ಬಿಸಿಲುಂಡವನ್ನು ಹೆಕ್ಕುತ್ತಾರೆ.

ಚೆನ್ನೈ ಬಳಿಯ ಅತ್ತಿರಂಪಾಕ್ಕಂನಲ್ಲಿ ಶಾಂತಿ ಪಪ್ಪು ಮತ್ತು ಕುಮಾರ್ ಅಖಿಲೇಶ್ ಅವರ ತಂಡ, ಅಹಮದಾಬಾದಿನ ಭೌತಿಕ ಸಂಶೋಧನಾ ಪ್ರಯೋಗಾಲಯದ ನೆರವಿನೊಡನೆ, ಮಧ್ಯ ಹಳೆಯ ಶಿಲಾಯುಗದ ಉಪಕರಣಗಳಿದ್ದ ಪದರ ಸುಮಾರು 3,85,000 ವರ್ಷ ಹಳೆಯದೆಂದು 2018ರಲ್ಲಿ ತೋರಿಸಿತು. ಅದೂ ಇದೇ ಕುಲದ ವಿಧಾನವೇ. ನಮ್ಮ ತಿಪಟೂರು ತಾಲ್ಲೂಕಿನ ಕಿಬ್ಬನಹಳ್ಳಿಯೂ ಹಳೆಯ ಶಿಲಾಯುಗದ ಕೈಗೊಡಲಿಗಳಿಗೆ ಹೆಸರಾದ ನೆಲ. ಕೆ.ಬಿ. ಕ್ರಾಸಿನಲ್ಲಿ ಬಸ್ಸಿಗೆ ಕಾಯುವವರಲ್ಲಿ ಎಷ್ಟು ಮಂದಿಗೆ ಇದು ಗೊತ್ತೋ!

ಕಲ್ಲನ್ನು ವಸ್ತುಸಂಗ್ರಹಾಲಯಕ್ಕೆ ಒಯ್ಯಬಹುದು. ಅದರ ವಯಸ್ಸು ಹೇಳಬೇಕಾದದ್ದು ಸುತ್ತಲಿನ ಕದಡದ ಮಣ್ಣು. ಕೆರೆಯ ಗೋಡನ್ನು ತೋಟಕ್ಕೆ ಹೊಡೆಯುವುದು ನಮ್ಮ ಹಿರಿಯರ ಬೇಸಾಯ. ಅದಕ್ಕೆ ನನ್ನ ಆಕ್ಷೇಪವಿಲ್ಲ. ಆದರೆ ಹೊಳೆದಂಡೆಯನ್ನು ಆಳಕ್ಕೆ ಬಗೆದು, ಮಣ್ಣು ತೊಳೆದು ಫಿಲ್ಟರ್ ಮರಳು ತೆಗೆಯುವ ಕಡೆ ಆ ದಾಖಲೆ ಒಂದೇ ಹಗಲಿನಲ್ಲಿ ಅಳಿಯುತ್ತದೆ: ಪದರ ಕಲಸಿಹೋಗುತ್ತದೆ, ಬಿಸಿಲಿಗೆ ಬಿದ್ದ ಕಣದ ಲೆಕ್ಕ ಸೊನ್ನೆಯಾಗುತ್ತದೆ. ಮರಳು ಹರಾಜಿಗೆ ಮುನ್ನ ದಂಡೆಯ ಸೀಳಿಗೆ ನಾಲ್ಕಾರು ಉಕ್ಕಿನ ಕೊಳವೆ ಬಡಿದು, ಬೆಳಕು ಸೋಕದಂತೆ ಬಾಯಿ ಮುಚ್ಚಿ ಮಾದರಿ ತೆಗೆದಿರಿಸಲು ಗಣಿ ಮತ್ತು ಭೂವಿಜ್ಞಾನ ಇಲಾಖೆಗೆ ಹೆಚ್ಚೆಂದರೆ ಒಂದು ದಿನ ಬೇಕಾದೀತು.