ಹಲ್ಲು ಸವೆದ ಕುದುರೆಗೆ ನೆನೆಸಿದ ಮೇವು

ಧಾರವಾಡದ ಸಪ್ತಾಪುರ ಈಗ ಸ್ಪರ್ಧಾತ್ಮಕ ಪರೀಕ್ಷೆಗಳ ಊರು. ಕೋಚಿಂಗ್ ಕ್ಲಾಸು, ಓದುವ ಕೋಣೆ, ಪಿ.ಜಿ., ಖಾನಾವಳಿಗಳ ನಡುವೆ ಕುದುರೆಯ ಮಾತು ಯಾರಿಗೂ ನೆನಪಾಗುವುದಿಲ್ಲ. ಆದರೆ ಧಾರವಾಡದ ಹಿಂದಿನ ತಲೆಮಾರು ಸ್ಟೇಷನ್ನಿಗೆ, ಕಾಲೇಜಿಗೆ, ಪೇಟೆಗೆ ಓಡಾಡಿದ್ದು ಟಾಂಗಾದಲ್ಲಿ. ಆಟೊ ಬಂತು, ಟಾಂಗಾ ಹೋಯಿತು. ಹುಬ್ಬಳ್ಳಿ-ಧಾರವಾಡ ಅವಳಿ ನಗರದಲ್ಲಿ ಉಳಿದ ಕುದುರೆಗಳಿಗೆ ಈಗ ಮದುವೆ ಮೆರವಣಿಗೆಯೇ ಹೆಚ್ಚಿನ ಕೆಲಸ. ಮದುಮಗನನ್ನು ಹೊತ್ತು ವಾಲಗದ ಸದ್ದಿಗೆ ಹೆಜ್ಜೆ ಹಾಕುವ ಬಿಳಿ ಕುದುರೆಯನ್ನು ನಾವೆಲ್ಲ ನೋಡಿದ್ದೇವೆ. ಅದಕ್ಕೆ ಇಪ್ಪತ್ತು ವರ್ಷ ದಾಟಿ, ಪಕ್ಕೆಲುಬು ಕಾಣತೊಡಗಿ, ಬಾಡಿಗೆಗೆ ಕರೆಯುವವರು ಇಲ್ಲವಾದ ಮೇಲೆ ಅದು ಏನು ತಿನ್ನುತ್ತದೆ ಎಂದು ಕೇಳಿದವರು ಕಡಿಮೆ.

'ವಯಸ್ಸಾಗೇತ್ರಿ, ತಿಂದದ್ದು ಮೈಗೆ ಹತ್ತೂದಿಲ್ಲ' ಎಂಬುದು ಸಾಮಾನ್ಯವಾಗಿ ಸಿಗುವ ಉತ್ತರ. ನಾನಿದನ್ನು ಪೂರ್ತಿ ಒಪ್ಪುವುದಿಲ್ಲ. ಮುದಿ ಕುದುರೆ ಬಹಳ ಸಲ ಸೊರಗುವುದು ಮುಪ್ಪಿನಿಂದಲ್ಲ, ಹಸಿವಿನಿಂದ. ಮುಂದೆ ಕರಡದ ರಾಶಿ ಬಿದ್ದಿರುತ್ತದೆ, ಅಗಿಯಲು ಹಲ್ಲಿರುವುದಿಲ್ಲ.

ಕುದುರೆಯ ದವಡೆಹಲ್ಲುಗಳು ಒಟ್ಟು 24. ಹರೆಯದಲ್ಲಿ ಒಂದೊಂದೂ 7ರಿಂದ 10 ಸೆಂ.ಮೀ. ಉದ್ದ, ಹೆಚ್ಚಿನ ಭಾಗ ವಸಡಿನೊಳಗೆ ಹುದುಗಿರುತ್ತದೆ. ಹುಲ್ಲಿನ ಒರಟಿಗೆ ಮೇಲ್ತುದಿ ವರ್ಷಕ್ಕೆ 2-3 ಮಿ.ಮೀ. ಸವೆಯುತ್ತದೆ, ಅಷ್ಟೇ ಭಾಗ ಕೆಳಗಿನಿಂದ ಮೇಲೆ ಬರುತ್ತದೆ. ಪೆನ್ಸಿಲ್ ಕೆತ್ತುತ್ತ ಹೋದ ಹಾಗೆ ಒಂದು ದಿನ ಒಳಗಿನ ದಾಸ್ತಾನು ಮುಗಿಯುತ್ತದೆ. ಇಪ್ಪತ್ತೈದರ ಆಸುಪಾಸಿನಲ್ಲಿ ಉಳಿಯುವುದು ನುಣುಪಾದ ಮೊಂಡು ತುಂಡುಗಳು, ನಡುನಡುವೆ ಸಂದುಗಳು. ಕುದುರೆಯ ಮೇಲ್ದವಡೆ ಕೆಳದವಡೆಗಿಂತ ಅಗಲ. ಹಾಗಾಗಿ ಹಲ್ಲಿನ ಅಂಚುಗಳು ಓರೆಯಾಗಿ ಮಸೆದು ಚೂಪಾಗಿ ಕೆನ್ನೆಯನ್ನೂ ನಾಲಿಗೆಯನ್ನೂ ಗೀರುತ್ತವೆ. ಸಂಸ್ಕೃತದ ಹಳೆಯ ಅಶ್ವಶಾಸ್ತ್ರಗಳು ಹಲ್ಲಿನ ಬಣ್ಣ, ಗುರುತುಗಳಿಂದಲೇ ಕುದುರೆಯ ವಯಸ್ಸನ್ನು ಹಂತಹಂತವಾಗಿ ಎಣಿಸಿವೆ. ಕೊನೆಯ ಹಂತಗಳು ಹಲ್ಲು ಅಲುಗುವುದು, ಉದುರುವುದು. ಸಂತೆಯಲ್ಲಿ ಕುದುರೆ ಕೊಳ್ಳುವವರು ಇಂದಿಗೂ ಮೊದಲು ತುಟಿ ಎತ್ತಿ ನೋಡುತ್ತಾರೆ. ಕೊಂಡ ಮೇಲೆ ವರ್ಷಗಟ್ಟಲೆ ಆ ತುಟಿ ಎತ್ತುವವರಿಲ್ಲ ಎಂಬುದೇ ದುಃಖ.

ಹಲ್ಲು ಸೋತಿದೆ ಎಂದು ತಿಳಿಯಲು ಬಾಯಿಯೊಳಗೆ ಕೈ ಹಾಕಬೇಕಾಗಿಲ್ಲ. ಕುದುರೆ ಹುಲ್ಲನ್ನು ಬಾಯಲ್ಲಿ ಉರುಳಿಸಿ ಉರುಳಿಸಿ, ಕಡೆಗೆ ಒದ್ದೆ ಉಂಡೆಯಾಗಿ ಕೆಳಗೆ ಉದುರಿಸುತ್ತದೆ. ಲದ್ದಿಯಲ್ಲಿ ಒಂದು ಸೆಂಟಿಮೀಟರಿಗಿಂತ ಉದ್ದದ ಎಳೆಗಳು, ಇಡಿಯ ಕಾಳುಗಳು ಹಾಗೇ ಹೊರಬೀಳುತ್ತವೆ. ತಿನ್ನುವಾಗ ತಲೆ ಓರೆ ಮಾಡುತ್ತದೆ, ಬಾಯಿ ನಾರುತ್ತದೆ. ಇದಕ್ಕಿಂತ ಅಪಾಯದ್ದು, ಅರೆಬರೆ ಅಗಿದ ಮೇವು ಅನ್ನನಾಳದಲ್ಲಿ ಸಿಕ್ಕಿಕೊಳ್ಳುವುದು. ಕುದುರೆ ವಾಂತಿ ಮಾಡಲಾರದು. ಜೊಲ್ಲು, ಮೇವು ಮೂಗಿನಿಂದ ಇಳಿಯತೊಡಗಿದರೆ ಮೇವು ನೀರು ಎರಡನ್ನೂ ತೆಗೆದಿಟ್ಟು ತಕ್ಷಣ ವೈದ್ಯರನ್ನು ಕರೆಸಬೇಕು. ಬಾಯಿಗೆ ಎಣ್ಣೆ ಹೊಯ್ದರೆ ಅದು ಶ್ವಾಸಕೋಶಕ್ಕೆ ಇಳಿದೀತು.

ಹಲ್ಲು ಸೋತ ಕುದುರೆಗೆ ಮೇವು ಬಿಡಿಸಬಾರದು, ಮೇವಿನ ರೂಪ ಬದಲಿಸಬೇಕು. ಕುದುರೆಯ ದೊಡ್ಡ ಕರುಳು ನಾರಿನಿಂದಲೇ ಬದುಕುತ್ತದೆ. ನಾರು ನಿಲ್ಲಿಸಿ ಬರೀ ಕಾಳು ಕೊಟ್ಟರೆ ಹೊಟ್ಟೆಶೂಲೆಯ ಅಪಾಯ ಹೆಚ್ಚು. 250 ಕೆ.ಜಿ. ತೂಕದ ನಮ್ಮ ಸಾಧಾರಣ ಕುದುರೆಗೆ ದಿನಕ್ಕೆ ಒಣಲೆಕ್ಕದಲ್ಲಿ 4ರಿಂದ 5 ಕೆ.ಜಿ. ಆಹಾರ ಬೇಕು. ಒಳ್ಳೆಯ ಕರಡವನ್ನೂ ಒಣಗಿಸಿದ ಕುದುರೆ ಮೆಂತೆಯನ್ನೂ ಪುಡಿ ಮಾಡಿಸಿ, ಒಂದು ಪಾಲಿಗೆ ಎರಡು-ಮೂರು ಪಾಲು ನೀರು ಹಾಕಿ, ಗಟ್ಟಿ ಅಂಬಲಿಯ ಹದಕ್ಕೆ ಬರುವ ತನಕ ನೆನೆಸಬೇಕು. ಬೆರಳಲ್ಲಿ ಹಿಸುಕಿದರೆ ಒಳಗೆ ಒಣ ತಿರುಳು ಸಿಗಬಾರದು. ಮೇಲೆ ಚೆನ್ನಾಗಿ ಬೇಯಿಸಿ ಹಿಸುಕಿದ ಹುರಳಿ ಸ್ವಲ್ಪ, ಎರಡು ಚಮಚ ಉಪ್ಪು. ತೂಕ ಏರಬೇಕೆಂದರೆ ಕೆಲವು ಚಮಚ ಅಡುಗೆ ಎಣ್ಣೆಯಿಂದ ಶುರುಮಾಡಿ ನಿಧಾನಕ್ಕೆ ಹೆಚ್ಚಿಸಬಹುದು. ಕುದುರೆಯ ಜಠರ ಚಿಕ್ಕದು; ಆದ್ದರಿಂದ ದಿನದ ಪಾಲನ್ನು ನಾಲ್ಕೈದು ಹೊತ್ತಿಗೆ ಹಂಚಬೇಕು. ಹಳೆಯ ಮೇವಿನಿಂದ ಹೊಸದಕ್ಕೆ ಹೊರಳಲು ಹತ್ತು ದಿನವಾದರೂ ತೆಗೆದುಕೊಳ್ಳಬೇಕು. ನಮ್ಮ ಬೇಸಿಗೆಯಲ್ಲಿ ನೆನೆಸಿದ್ದು ಬೇಗ ಹುಳಿಯುತ್ತದೆ, ಬಾನಿಯನ್ನು ಪ್ರತಿ ಸಲ ತೊಳೆಯಲೇಬೇಕು. ಹರೆಯದ ಕುದುರೆಗಳ ಜೊತೆ ಒಂದೇ ಬಾನಿಗೆ ಬಿಟ್ಟರೆ ಮುದುಕನಿಗೆ ಏನೂ ಉಳಿಯದು, ಬೇರೆ ಕಟ್ಟಬೇಕು. ಹಲ್ಲು ಪೂರ್ತಿ ಸೋತ ಕುದುರೆಗೆ ಉದ್ದ ಕರಡವಷ್ಟೇ ಅಲ್ಲ, ಕತ್ತರಿಸಿದ ಒಣ ಹೊಟ್ಟು ಕೂಡ ಕಷ್ಟವೇ. ಅಗಿಯದೆ ನುಂಗುತ್ತದೆ, ಕರುಳಲ್ಲಿ ಗಂಟು ಕಟ್ಟುತ್ತದೆ.

ಮೇವಿನ ವಿದ್ಯೆಗೆ ಧಾರವಾಡದವರು ದೂರ ಹೋಗಬೇಕಾಗಿಲ್ಲ. ಝಾನ್ಸಿಯಲ್ಲಿ 1962ರಲ್ಲಿ ಆರಂಭವಾದ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ದಕ್ಷಿಣದ ಪ್ರಾದೇಶಿಕ ಕೇಂದ್ರ ಇರುವುದು ಇಲ್ಲೇ. 1986ರಿಂದ ಕೃಷಿ ವಿಶ್ವವಿದ್ಯಾಲಯವೂ ಇದೆ. ಹೈನುಗಾರರು ಮೆಚ್ಚಿದ ಡಿಎಚ್‌ಎನ್-6 ಎಂಬ ಹೈಬ್ರಿಡ್ ನೇಪಿಯರ್ ಹುಲ್ಲು ಈ ಕೇಂದ್ರದ ಕೊಡುಗೆ. ಆದರೆ ಆಕಳಿಗೆ ಒಳ್ಳೆಯದಾದದ್ದೆಲ್ಲ ಕುದುರೆಗೆ ಒಳ್ಳೆಯದಲ್ಲ. ನೇಪಿಯರ್, ಗಿನಿ ಹುಲ್ಲುಗಳಲ್ಲಿರುವ ಆಕ್ಸಲೇಟ್ ಸುಣ್ಣದ ಅಂಶವನ್ನು ಕಟ್ಟಿಹಾಕುತ್ತದೆ. ಗೋಧಿ ಬೂಸಾದಲ್ಲಿ ರಂಜಕ ಅತಿ ಹೆಚ್ಚು. ಎರಡನ್ನೇ ನಂಬಿ ಕುದುರೆ ಸಾಕಿದರೆ ಅದರ ದೇಹ ತನ್ನ ಎಲುಬಿನಿಂದಲೇ ಸುಣ್ಣ ಎಳೆದುಕೊಂಡು, ಮುಖದ ಎಲುಬು ಮೆತ್ತಗಾಗಿ ಊದಿಕೊಳ್ಳುತ್ತದೆ, ಹಲ್ಲುಗಳು ಇನ್ನಷ್ಟು ಸಡಿಲವಾಗುತ್ತವೆ. ಸುಣ್ಣದ ಅಂಶ ಧಾರಾಳವಾಗಿರುವ ಕುದುರೆ ಮೆಂತೆಗೆ ಇಲ್ಲಿ ದೊಡ್ಡ ಬೆಲೆ. ಮೂತ್ರಪಿಂಡ ಕೆಟ್ಟ ಕುದುರೆಗೆ ಮಾತ್ರ ಅದೂ ಹೆಚ್ಚಾಗಬಾರದು. ಒಂದು ರಕ್ತಪರೀಕ್ಷೆ ಮಾಡಿಸಿಕೊಂಡರೆ ಒಳ್ಳೆಯದು. ಹಸಿ ಜೋಳದ ಮೇವು ನಮ್ಮ ಕಡೆ ಬೇಕಾದಷ್ಟು ಸಿಗುತ್ತದೆ, ಕುದುರೆಗೆ ಅದನ್ನು ಹಾಕಲೇಬಾರದು: ಮೂತ್ರಕೋಶವೂ ಹಿಂಗಾಲಿನ ನರಗಳೂ ಕೆಡುತ್ತವೆ. ದನದ, ಕೋಳಿಯ ಸಿದ್ಧ ಆಹಾರವೂ ಬೇಡ. ಅವುಗಳಲ್ಲಿ ಕೆಲವಕ್ಕೆ ಬೆರೆಸುವ ಮೊನೆನ್ಸಿನ್ ಎಂಬ ಔಷಧ ಕುದುರೆಯ ಹೃದಯಕ್ಕೆ ವಿಷ.

ಪ್ರೀತಿಯಿಂದ ಕೊಡುವ ಬೆಲ್ಲದ ಬಗ್ಗೆಯೂ ಹೇಳಬೇಕು. ಬೇಸಿಗೆ ಬಂದರೂ ಉದುರದ ಉದ್ದ ಸುರುಳಿ ಕೂದಲು, ಕರಗಿದ ಬೆನ್ನು, ಪದೇ ಪದೇ ಗೊರಸು ನೋವು ಇದ್ದರೆ ಅದು ಮುದಿ ಕುದುರೆಗಳಿಗೆ ಬರುವ ಕುಶಿಂಗ್ ರೋಗವಿರಬಹುದು. ಅಂಥ ಕುದುರೆಗೆ ಬೆಲ್ಲ ಕೊಟ್ಟರೆ ಗೊರಸಿನೊಳಗಿನ ಉರಿ ಏರುತ್ತದೆ.

ವರ್ಷಕ್ಕೊಮ್ಮೆ, ಮುಪ್ಪಿನಲ್ಲಿ ಆರು ತಿಂಗಳಿಗೊಮ್ಮೆ ಪಶುವೈದ್ಯರಿಗೆ ಹಲ್ಲು ತೋರಿಸಿ ಚೂಪು ಅಂಚುಗಳನ್ನು ಅರದಿಂದ ಉಜ್ಜಿಸಿದರೆ ಎಷ್ಟೋ ಕುದುರೆಗಳು ಮತ್ತೆ ಮೇಯುತ್ತವೆ. ಖರ್ಚು ಇದೆ, ನಿಜ. ದುಡಿಮೆ ನಿಂತ ಪ್ರಾಣಿಗೆ ದಿನಕ್ಕೆ ನಾಲ್ಕು ಸಲ ಅಂಬಲಿ ಕಲಸುವುದು ದಿನಗೂಲಿಯ ಮನೆಗೆ ಸುಲಭವಲ್ಲ. ಆ ಭಾರವನ್ನು ಕುದುರೆ ಸಾಕಿದವರ ಮೇಲಷ್ಟೇ ಹೊರಿಸಿ, ಬೀದಿಗೆ ಬಿಟ್ಟರು ಎಂದು ಬೈಯುವುದು ನ್ಯಾಯವೆಂದು ನನಗೆ ಅನಿಸುವುದಿಲ್ಲ. ಆದರೂ ಸಾಕಿದ ಪ್ರಾಣಿಗೆ ಸಾಕಷ್ಟು ಆಹಾರ ಕೊಡದಿರುವುದು, ಹಸಿವಿಗೆ ಬಿಟ್ಟುಬಿಡುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಕಲಮಿನ ಪ್ರಕಾರ ಅಪರಾಧ.

ಮೆರವಣಿಗೆಗೆ ಕುದುರೆ ಬಾಡಿಗೆಗೆ ಹಿಡಿಯುವ ಮನೆಯವರು ಬಾಡಿಗೆಯ ಜೊತೆ ಒಂದು ಚೀಲ ಒಣ ಕುದುರೆ ಮೆಂತೆಯ ಹಣವನ್ನೂ ಕೊಡಲಿ. ರಸ್ತೆ ಬದಿಯ ಮುದಿ ಕುದುರೆಯ ಕಾಲ ಬಳಿ ಅಗಿದು ಬಿಟ್ಟ ಹುಲ್ಲಿನ ಉಂಡೆಗಳು ಕಂಡರೆ, ಅದರ ಧಣಿಯನ್ನು ಹುಡುಕಿ, ನೆನೆಸಿದ ಮೇವಿನ ವಿಷಯ ತಿಳಿಸಿ, ಹತ್ತಿರದ ಪಶು ಆಸ್ಪತ್ರೆಯ ದಾರಿ ತೋರಿಸಿ.