ಮನೆಗಾವಲಿನ ಕೋವಿ: ಹುಡೇವಿನಿಂದ ಪರವಾನಗಿಯವರೆಗೆ

ಗೃಹರಕ್ಷಣೆಗೆ ಯಾವ ಕೋವಿ ಯೋಗ್ಯವೆಂಬುದು ಇಂದು ಒಬ್ಬ ಗೃಹಸ್ಥನ ಸ್ವಂತ ವಿಚಾರವಾಗಿ ತೋರುತ್ತದೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಸೀಮೆಯಲ್ಲಿ ಹಿಂದೆ ಈ ಆಯ್ಕೆಯನ್ನು ಊರು ಮಾಡುತ್ತಿದ್ದಿತು. ಆ ಆಯ್ಕೆ ಊರಿನ ಕೈಯಿಂದ ಸರಕಾರದ ಕೈಗೆ ಹೋದ ಬಗೆಯನ್ನು ಇಲ್ಲಿ ಸಂಕ್ಷೇಪವಾಗಿ ನಿರೂಪಿಸಿದೆ.

ಈ ಭಾಗದ ಹಳೆಯ ಹಳ್ಳಿಗಳಲ್ಲಿ ಕಲ್ಲುಮಣ್ಣುಗಳಿಂದ ಕಟ್ಟಿದ ದುಂಡನೆಯ ಬುರುಜುಗಳು ಅಲ್ಲಲ್ಲಿ ಉಳಿದಿವೆ. ಜನರು ಇವನ್ನು ಹುಡೇವು ಎನ್ನುತ್ತಾರೆ. ಕೊಳ್ಳೆಗಾರರು ಬಂದರೆಂಬ ಸುದ್ದಿ ಹಬ್ಬಿದೊಡನೆ ಜನರು ಕಾಳುಕಡಿಯನ್ನು ನೆಲದ ಹಗೇವುಗಳಲ್ಲಿ ಮುಚ್ಚಿ ಹುಡೇವನ್ನು ಆಶ್ರಯಿಸುತ್ತಿದ್ದರು. ಅಂದಿನ ಆಯುಧವಾದ ಜಾಮಗಿ ಕೋವಿಯ ಗುಣದೋಷಗಳನ್ನು ಬಲ್ಲವರಿಗೆ ಈ ಕಟ್ಟಡದ ಅರ್ಥವು ಸುಲಭವಾಗಿ ತಿಳಿಯುತ್ತದೆ. ನಳಿಗೆಯ ಬಾಯಿಂದ ಮದ್ದನ್ನೂ ಗುಂಡನ್ನೂ ತುಂಬಿ, ಗಜದಿಂದ ಗಿಡಿದು, ಕಿವಿಯಲ್ಲಿ ಪುಡಿಮದ್ದನ್ನು ಹಾಕಿ, ಉರಿಯುವ ಬತ್ತಿಯನ್ನು ಮುಟ್ಟಿಸಬೇಕು. ಮಳೆ ಬಂದರೆ ಬತ್ತಿ ಆರುವುದು, ಮದ್ದು ತೇವವಾಗುವುದು. ಒಂದು ಗುಂಡಿಗೂ ಮತ್ತೊಂದಕ್ಕೂ ನಡುವಣ ಅವಕಾಶದಲ್ಲಿ ಕುದುರೆಸವಾರನು ಮೈಮೇಲೆ ಬೀಳಬಹುದು. ಹೀಗಾಗಿ ಒಂಟಿಮನೆಯ ಬಾಗಿಲಲ್ಲಿ ನಿಂತವನಿಗೆ ಈ ಕೋವಿಯಿಂದ ಪ್ರಯೋಜನವು ಅತ್ಯಲ್ಪ. ಎತ್ತರದ ಗೋಡೆಯ ಮರೆಯಲ್ಲಿ ನಾಲ್ವರು ತುಂಬಿಕೊಡಲು ಒಬ್ಬನು ಗುರಿಯಿಡುವುದಾದರೆ ಅದೇ ಕೋವಿಯು ಒಂದು ದಂಡನ್ನು ತಡೆಯಬಲ್ಲದು. ಕೋವಿಗಿಂತ ಗೋಡೆಯೇ ಮುಖ್ಯವೆಂದು ನಮ್ಮ ಹಳ್ಳಿಗರು ಅರಿತಿದ್ದರೆಂದು ನನ್ನ ಅಭಿಪ್ರಾಯ.

ಊರಿನ ಈ ವ್ಯವಸ್ಥೆಯ ಮೇಲೆ ಹರಪನಹಳ್ಳಿ, ಜರಿಮಲೆ, ಗುಡೇಕೋಟೆಗಳ ಪಾಳೆಯಗಾರರಿದ್ದರು. ರಕ್ಷಕರೆಂದು ಕಾವಲಿ ಹಣವನ್ನು ಪಡೆಯುತ್ತಿದ್ದ ಇಂತಹವರೇ ಕೆಲವೊಮ್ಮೆ ನೆರೆಯ ಸೀಮೆಗೆ ಕೊಳ್ಳೆಗಾರರೂ ಆಗುತ್ತಿದ್ದುದನ್ನು ಮರೆಯಲಾಗದು. 1800ರಲ್ಲಿ ನಿಜಾಮನು ದತ್ತಮಂಡಲಗಳನ್ನು ಕಂಪನಿಗೆ ಬಿಟ್ಟುಕೊಟ್ಟಾಗ ಆ ಸೀಮೆಯೊಳಗೆ ಸುಮಾರು 80 ಮಂದಿ ಪಾಳೆಯಗಾರರೂ ಅವರ ಅಧೀನದಲ್ಲಿ ಸುಮಾರು 30,000 ಸಶಸ್ತ್ರ ಬಂಟರೂ ಇದ್ದರೆಂದು ಲೆಕ್ಕ. ಪ್ರಧಾನ ಕಲೆಕ್ಟರನಾಗಿ ಬಂದ ಥಾಮಸ್ ಮನ್ರೋ 1807ರವರೆಗೆ ಇಲ್ಲಿದ್ದು ಈ ಬಲವನ್ನು ಮುರಿದನು. ಆದರೂ ಭಯವು ಒಮ್ಮೆಗೇ ಅಳಿಯಲಿಲ್ಲ. 1816ರಲ್ಲಿ ಪಿಂಡಾರಿಗಳು ಇದೇ ದತ್ತಮಂಡಲಗಳಲ್ಲೊಂದಾದ ಕಡಪದ ಮೇಲೂ ದಾಳಿ ಮಾಡಿದರು.

ಊರಿನ ಆಯುಧವನ್ನು ಶಾಸನವು ವಶಪಡಿಸಿಕೊಂಡುದು 1857ರ ಅನಂತರ. ಆ ವರ್ಷದ ನಿಶ್ಶಸ್ತ್ರೀಕರಣದ ಆಜ್ಞೆಯನ್ನು ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಪ್ರತಿಭಟಿಸಿ ಪ್ರಾಣತೆತ್ತುದು ಪ್ರಸಿದ್ಧವಾಗಿದೆ. 1878ರ ಆಯುಧ ಶಾಸನದಿಂದ ಪರವಾನಗಿಯಿಲ್ಲದೆ ಕೋವಿಯನ್ನು ಇಟ್ಟುಕೊಳ್ಳುವುದು ಅಪರಾಧವಾಯಿತು. ಕೊಡವರಿಗೆ ಬ್ರಿಟಿಷರು ವಿನಾಯಿತಿಯಿತ್ತರು. ಅದು ಇಂದಿಗೂ ಮುಂದುವರಿದಿದೆ. ಬಳ್ಳಾರಿ ಸೀಮೆಯ ಬೇಡನಾಯಕರಿಗೆ ಅಂತಹ ಅನುಗ್ರಹ ದೊರೆಯಲಿಲ್ಲ. ಒಂದೇ ಸರಕಾರವು ಇಬ್ಬರು ಬಂದೂಕುಧಾರಿಗಳಲ್ಲಿ ಒಬ್ಬನನ್ನು ನಂಬಿ ಇನ್ನೊಬ್ಬನನ್ನು ಶಂಕಿಸಿತೆಂಬುದು ವಿದ್ಯಾರ್ಥಿಗಳು ವಿಚಾರ ಮಾಡತಕ್ಕ ಸಂಗತಿ.

ಸ್ವತಂತ್ರ ಭಾರತದ 1959ರ ಆಯುಧ ಶಾಸನವು ಹಳೆಯ ಪ್ರಶ್ನೆಗೆ ತನ್ನದೇ ಉತ್ತರವನ್ನು ಹೇಳುತ್ತದೆ. ಅದರ 13ನೆಯ ಪ್ರಕರಣವು ರಕ್ಷಣೆಗೆ 20 ಅಂಗುಲಕ್ಕೆ ಕಡಮೆಯಿಲ್ಲದ ನುಣುಪು ನಳಿಗೆಯ ಬಂದೂಕನ್ನೂ, ಬೆಳೆಯ ಕಾವಲಿಗೆ ಬಾಯಿಂದ ಮದ್ದು ತುಂಬುವ ಕೋವಿಯನ್ನೂ ಪ್ರತ್ಯೇಕವಾಗಿ ಎತ್ತಿ ಹೇಳಿದೆ. ಇದರಲ್ಲಿ ಯುಕ್ತಿಯಿಲ್ಲದಿಲ್ಲ. ನುಣುಪು ನಳಿಗೆಯಿಂದ ಹೊರಟ ಚರೆಯು ಬಹುದೂರ ಹೋಗದು. ರೈಫಲ್ಲಿನ ಗುಂಡು ಕಳ್ಳನನ್ನು ತಪ್ಪಿ ನೆರೆಮನೆಯವರೆಗೂ ಹೋಗಬಹುದು. ಮಾಳಿಗೆಗೆ ಮಾಳಿಗೆ ತಗುಲಿರುವ ಈ ಊರುಗಳಲ್ಲಿ ಇದು ಸಣ್ಣ ಮಾತಲ್ಲ. ಬೆಳೆಯ ಕಾವಲಿಗೂ ಮಿತಿಯುಂಟು: ಗುಡೇಕೋಟೆಯ ಬಂಡೆಗಳಿಂದ ಹೊಲಕ್ಕಿಳಿಯುವ ಕರಡಿಯನ್ನು 1972ರ ವನ್ಯಜೀವಿ ಶಾಸನವು ರಕ್ಷಿಸಿರುವುದರಿಂದ ಪರವಾನಗಿಯುಳ್ಳ ರೈತನಿಗೂ ಅದನ್ನು ಹೊಡೆಯುವ ಹಕ್ಕಿಲ್ಲ.

2019ರ ತಿದ್ದುಪಡಿಯ ಮೇರೆಗೆ ಒಬ್ಬನಿಗೆ ಸಾಮಾನ್ಯವಾಗಿ ಎರಡಕ್ಕಿಂತ ಹೆಚ್ಚು ಬಂದೂಕುಗಳು ಸಲ್ಲವು. ಚುನಾವಣೆಯ ಕಾಲದಲ್ಲಿ ಅವನ್ನೂ ಠಾಣೆಯಲ್ಲಿ ಇರಿಸಬೇಕೆಂಬ ಆದೇಶ ಹೊರಡುವುದು ರೂಢಿ. ಆ ದಿನಗಳಲ್ಲಿ ಮನೆಯು ಮತ್ತೆ ಊರಿನ ಕಾವಲನ್ನೇ ನಂಬಿರಬೇಕಾಗುತ್ತದೆ; ಹುಡೇವಿನ ಕಲ್ಲುಗಳಾದರೋ ಎಷ್ಟೋ ಊರುಗಳಲ್ಲಿ ಮನೆಗಳ ತಳಪಾಯವನ್ನು ಸೇರಿಬಿಟ್ಟಿವೆ.