ಸುಣ್ಣವನ್ನು ಕಲ್ಲಾಗಿಸುವ ವಾಯುವೂ ಮಲ್ಪೆಯ ಉಪ್ಪುಗಾಳಿಯೂ

ಮಲ್ಪೆಯ ಕಡಲಂಚಿನಲ್ಲಿ ಮನೆ ಕಟ್ಟಿಸಿದವರಿಗೆ ಈ ಸಂಗತಿಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಕೆಲವು ಮಳೆಗಾಲಗಳು ಕಳೆಯುವುದರೊಳಗಾಗಿ ಸಜ್ಜದ ಅಡಿಭಾಗದಲ್ಲಿ ಕೂದಲೆಳೆಯಂತಹ ಬಿರುಕು ತೋರುತ್ತದೆ. ಅದರ ಸುತ್ತ ಕಂದುಬಣ್ಣದ ಕಲೆ ಹಬ್ಬುತ್ತದೆ. ಒಂದು ದಿನ ಅಂಗೈಯಗಲದ ಕಾಂಕ್ರೀಟು ಕಳಚಿ ಬಿದ್ದು, ಒಳಗಿನ ಕಬ್ಬಿಣದ ಸರಳು ಹೊರಗೆ ಇಣಿಕಿ ನೋಡುತ್ತದೆ. ಅದೇ ಬೀದಿಯಲ್ಲಿ ಮುರಕಲ್ಲಿಗೆ ಚಿಪ್ಪುಸುಣ್ಣದ ಗಾರೆಯಿಟ್ಟು ಅಜ್ಜಂದಿರು ಎಬ್ಬಿಸಿದ ಗೋಡೆ ಅಲುಗದೆ ನಿಂತಿರುತ್ತದೆ. ಸೋಜಿಗವೇನೆಂದರೆ, ಆ ಗೋಡೆಯ ಗಟ್ಟಿತನದಲ್ಲಿಯೂ ಈ ಸಜ್ಜದ ನಾಶದಲ್ಲಿಯೂ ಒಂದೇ ವಾಯುವಿನ ಕೈವಾಡವಿದೆ. ನಮ್ಮ ಬಾಲ್ಯದ ಪಾಠಪುಸ್ತಕಗಳು ಅದನ್ನು ಇಂಗಾಲಾಮ್ಲ ವಾಯುವೆಂದವು. ಈಗಿನವು ಇಂಗಾಲದ ಡೈಆಕ್ಸೈಡ್ ಎನ್ನುತ್ತವೆ.

ಈ ವಾಯುವನ್ನೇ ಹಸಿ ಕಾಂಕ್ರೀಟಿಗೆ ಉಣಿಸಿ ಅದನ್ನು ಬೇಗ ಗಟ್ಟಿಗೊಳಿಸುವ ವಿಧಾನವು ಇಂದು ದೇಶದೇಶಗಳಲ್ಲಿ ಪ್ರಚಾರಕ್ಕೆ ಬಂದಿದೆ. ಇದು ನಮ್ಮ ಕರಾವಳಿಗೆ ತೀರ ಹೊಸದೆಂದು ಹೇಳಲಾಗದು. ಕಪ್ಪೆಚಿಪ್ಪನ್ನು ಗೂಡಿನಲ್ಲಿ ಸುಡುವಾಗ 100 ಪಾಲು ಚಿಪ್ಪಿನಿಂದ ಸುಮಾರು 44 ಪಾಲು ವಾಯುವಾಗಿ ಹಾರಿಹೋಗಿ, 56 ಪಾಲು ಸುಟ್ಟ ಸುಣ್ಣ ಉಳಿಯುತ್ತದೆ. ನೀರು ಹಾಕಿ ಅರಳಿಸಿ ಗೋಡೆಗಿಟ್ಟ ಮೇಲೆ ಆ ಸುಣ್ಣವು ಕಳೆದುಕೊಂಡ ವಾಯುವನ್ನು ಗಾಳಿಯಿಂದ ಮೆಲ್ಲಮೆಲ್ಲನೆ ಮರಳಿ ಪಡೆದು ಪುನಃ ಕಲ್ಲಾಗುತ್ತದೆ. ಗಾಳಿಯಲ್ಲಿ ಈ ವಾಯುವಿನ ಪ್ರಮಾಣವು ಹತ್ತು ಸಾವಿರದಲ್ಲಿ ನಾಲ್ಕು ಪಾಲಿನಷ್ಟೇ ಇರುವುದರಿಂದ ಈ ಕೆಲಸಕ್ಕೆ ವರುಷಗಳು ಹಿಡಿಯುತ್ತವೆ. ನವೀನರು ಮಾಡಿರುವುದಿಷ್ಟೆ: ಹಸಿ ಇಟ್ಟಿಗೆಗಳನ್ನು ಮುಚ್ಚಿದ ಕೋಣೆಯಲ್ಲಿರಿಸಿ, ವಾಯುವನ್ನು ದಟ್ಟವಾಗಿ ತುಂಬಿ, ವರುಷಗಳ ಕೆಲಸವನ್ನು ಗಂಟೆಗಳಿಗೆ ಇಳಿಸಿದ್ದಾರೆ. ಸಿಮೆಂಟಿನ ಕಣಗಳು ವಾಯುವಿನೊಡನೆ ಕೂಡಿ ಸೂಕ್ಷ್ಮವಾದ ಸುಣ್ಣಕಲ್ಲಿನ ಹರಳುಗಳಾಗಿ ರಂಧ್ರಗಳನ್ನು ತುಂಬುತ್ತವೆ. ಆದಕಾರಣ ಮೊದಲ ದಿನದ ಬಲವು ಹೆಚ್ಚುತ್ತದೆ, ನೀರು ಹೀರುವುದು ಕಡಮೆಯಾಗುತ್ತದೆ. ಆದರೆ ಹದ ತಪ್ಪಬಾರದು. ತೀರ ಒದ್ದೆಯಾಗಿದ್ದರೆ ವಾಯು ಒಳನುಗ್ಗದು, ತೀರ ಒಣಗಿದ್ದರೆ ಕ್ರಿಯೆಯೇ ನಡೆಯದು.

ಕೆನಡಾದ ಹ್ಯಾಲಿಫ್ಯಾಕ್ಸಿನ ಕಾರ್ಬನ್‌ಕ್ಯೂರ್ ಸಂಸ್ಥೆಯವರ ದಾರಿ ಬೇರೆ. ಅವರು ಕಾಂಕ್ರೀಟು ಕಲಸುವಾಗಲೇ ಅಲ್ಪ ಪ್ರಮಾಣದ ವಾಯುವನ್ನು ಸೇರಿಸುತ್ತಾರೆ. ನಮ್ಮ ನಾಡಿನಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸುಸ್ಥಿರ ತಂತ್ರಜ್ಞಾನ ಕೇಂದ್ರದವರು ಕಟ್ಟಡಗಳ ಅವಶೇಷಕ್ಕೆ ಈ ವಾಯುವನ್ನು ಉಣಿಸಿ, ಅದನ್ನು ಮರಳಿಗೆ ಬದಲಾಗಿ ಬಳಸಿ, ವಾಯುತುಂಬಿದ ಕೋಣೆಯಲ್ಲಿ ಹದಗೊಳಿಸಿದಾಗ ಬಲವು ನೂರಕ್ಕೆ 20ರಿಂದ 22ರಷ್ಟು ಅಧಿಕವಾಯಿತೆಂದು 2024ರಲ್ಲಿ ಪ್ರಕಟಪಡಿಸಿದರು. ನದಿಯ ಮರಳಿಗೆ ನಮ್ಮ ಜಿಲ್ಲೆ ಪಡುತ್ತಿರುವ ಪಾಡನ್ನು ಬಲ್ಲವರಿಗೆ ಇದು ಉಪೇಕ್ಷಿಸತಕ್ಕ ಮಾತಲ್ಲ.

ಇಷ್ಟನ್ನು ಓದಿ ಹಿಗ್ಗುವ ಗುತ್ತಿಗೆದಾರರೂ ಅಧಿಕಾರಿಗಳೂ ಇದ್ದರೆ, ಅವರು ಇನ್ನೊಂದು ಕಡೆಯನ್ನೂ ನೋಡಬೇಕು. ಬಲವು ಬೇರೆ, ಬಾಳಿಕೆ ಬೇರೆ. ಹೊಸ ಕಾಂಕ್ರೀಟು ತೀವ್ರವಾದ ಕ್ಷಾರವಸ್ತು, ಪಿ.ಎಚ್. ಅಳತೆಯಲ್ಲಿ 12½ಕ್ಕೂ ಮೇಲೆ. ಆ ಕ್ಷಾರದಲ್ಲಿ ಹುದುಗಿರುವ ತನಕ ಸರಳಿನ ಮೈಮೇಲೆ ತೆಳುವಾದ ರಕ್ಷೆಯೊಂದು ಉಳಿದಿರುತ್ತದೆ. ಇಂಗಾಲಾಮ್ಲ ವಾಯು ಒಳಹೊಕ್ಕಂತೆಲ್ಲ ಕ್ಷಾರವು 9ಕ್ಕಿಂತ ಕೆಳಗಿಳಿದು ರಕ್ಷೆ ಅಳಿಯುತ್ತದೆ. ತುಕ್ಕು ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಮಿಕ್ಕ ಜಾಗವನ್ನು ಬೇಡುವುದರಿಂದ ಕಾಂಕ್ರೀಟು ಸಿಡಿಯುತ್ತದೆ. ಮಳೆಗೆ ನೇರವಾಗಿ ನೆನೆಯದ ಸಜ್ಜದ ಅಡಿಯಲ್ಲಿ ರಂಧ್ರಗಳು ಅರೆ ಒಣಗಿರುವ ಕಾರಣ ಅಲ್ಲಿಯೇ ವಾಯುವಿನ ಪ್ರವೇಶ ಸಲೀಸು. ಅಜ್ಜನ ಗೋಡೆಗೆ ಈ ಭಯವೇ ಇರಲಿಲ್ಲ, ಏಕೆಂದರೆ ಅದರೊಳಗೆ ಸರಳಿರಲಿಲ್ಲ.

ಮಲ್ಪೆಯಲ್ಲಿ ಇದಕ್ಕೆ ಉಪ್ಪೂ ಜೊತೆಗೂಡಿದೆ. ಗಾಳಿಯೊಡನೆ ಬರುವ ಲವಣದ ಒಂದಂಶವನ್ನು ಸಿಮೆಂಟು ತನ್ನೊಳಗೆ ಕಟ್ಟಿಹಾಕಿಕೊಳ್ಳುತ್ತದೆ. ಇಂಗಾಲಾಮ್ಲ ವಾಯು ಬಂದು ಆ ಕಟ್ಟನ್ನು ಬಿಚ್ಚಿದರೆ ಲವಣವು ಸರಳಿನತ್ತ ಸಾಗುತ್ತದೆ. ರಂಧ್ರ ಕಿರಿದಾದುದರಿಂದ ಉಪ್ಪು ಒಳಬರುವುದು ಕಡಮೆಯಾಯಿತೆಂಬುದು ಒಂದು ಕಡೆಯ ಲಾಭ. ಒಳಬಂದ ಉಪ್ಪಿಗೆ ಬಂಧನ ಸಡಿಲವಾಯಿತೆಂಬುದು ಇನ್ನೊಂದು ಕಡೆಯ ನಷ್ಟ. ವಾಯುವಿನ ಹದದ ಅನಂತರ ಪುನಃ ನೀರುಣಿಸಿದರೆ ಒಳಗಿನ ಕ್ಷಾರವು ಬಹುಮಟ್ಟಿಗೆ ಚೇತರಿಸಿಕೊಳ್ಳುವುದೆಂದು ಪರೀಕ್ಷಕರು ಕಂಡಿದ್ದಾರೆ. ಪ್ರಯೋಗಶಾಲೆಯ ತೊಟ್ಟಿಯೇ ಮಲ್ಪೆಯ ಆಷಾಢವಲ್ಲ ಎಂಬುದನ್ನು ಮಾತ್ರ ಇಲ್ಲಿ ಸೇರಿಸಬೇಕಾಗಿದೆ.

ಆದುದರಿಂದ ನಮ್ಮ ಅಭಿಪ್ರಾಯವು ಹೀಗಿದೆ. ಸರಳಿಲ್ಲದ ಕೆಲಸಗಳಿಗೆ, ಅಂದರೆ ಅಂಗಳಕ್ಕೆ ಹಾಸುವ ಇಂಟರ್‌ಲಾಕ್, ಆವರಣದ ಗೋಡೆಯ ಟೊಳ್ಳು ಇಟ್ಟಿಗೆ ಮೊದಲಾದವುಗಳಿಗೆ, ಈ ವಿಧಾನವನ್ನು ಇಂದೇ ಧೈರ್ಯವಾಗಿ ಪರೀಕ್ಷೆಗೆ ತೆಗೆದುಕೊಳ್ಳಬಹುದು. ವಾಯುವಿಗೂ ಬಹುದೂರ ಹೋಗಬೇಕಾಗಿಲ್ಲ. ಕಾಪುವಿಗೆ ಸಮೀಪದ ಎಲ್ಲೂರಿನಲ್ಲಿ 1200 ಮೆಗಾವಾಟಿನ ಕಲ್ಲಿದ್ದಲು ವಿದ್ಯುತ್ ಸ್ಥಾವರವಿದೆ. ಇಂತಹ ಸ್ಥಾವರಗಳ ಹೊಗೆಯಲ್ಲಿ ನೂರಕ್ಕೆ 12ರಿಂದ 15ರಷ್ಟು ಇದೇ ವಾಯು. ಊರವರು ಆ ಹೊಗೆಯನ್ನು ಕುರಿತು ದೂರಿದ್ದುಂಟು. ಅದರಲ್ಲೊಂದಂಶವಾದರೂ ಇಟ್ಟಿಗೆಯಲ್ಲಿ ಸೆರೆಯಾದರೆ ಯಾರಿಗೆ ಬೇಸರ?

ಬಂದರಿನ ಧಕ್ಕೆ, ಸೇತುವೆ, ಮನೆಯ ಮಾಡು, ಇವುಗಳ ಮಾತು ಬೇರೆ. ಸಮುದ್ರದ ತುಂತುರಿಗೆ ಸಿಕ್ಕುವ ಸರಳಿನ ಕಾಂಕ್ರೀಟಿಗೆ ಕನಿಷ್ಠ ಎಂ.35 ದರ್ಜೆಯೂ 50 ಮಿಲಿಮೀಟರ್ ಹೊದಿಕೆಯೂ, ಉಬ್ಬರವಿಳಿತದ ನಡುವೆ ಎಂ.40 ದರ್ಜೆಯೂ 75 ಮಿಲಿಮೀಟರ್ ಹೊದಿಕೆಯೂ ಇರಬೇಕೆಂದು ಭಾರತೀಯ ಮಾನಕ 456, 2000ನೆಯ ಇಸವಿಯ ಆವೃತ್ತಿಯಲ್ಲಿ ವಿಧಿಸಿದೆ. ಈ ನಿಯಮವು ಕಾಗದದ ಮೇಲೆ ಎಷ್ಟು, ಕೆಲಸದಲ್ಲಿ ಎಷ್ಟು ಎಂಬುದನ್ನು ಹಳೆಯ ಸಜ್ಜಗಳೇ ಹೇಳುತ್ತವೆ. ಮಣಿಪಾಲದ ತಾಂತ್ರಿಕ ವಿದ್ಯಾಲಯದವರೂ ಸುರತ್ಕಲ್ಲಿನವರೂ ಮನಸ್ಸು ಮಾಡಿ, ವಾಯುವಿನಿಂದ ಹದಗೊಳಿಸಿದ ಸರಳುಸಹಿತ ತುಂಡುಗಳನ್ನು ಮಲ್ಪೆಯ ದಡದಲ್ಲಿಯೇ ನೆಟ್ಟು, ಐದಾರು ಮಳೆಗಾಲ ಕಳೆದ ಮೇಲೆ ಒಡೆದು ನೋಡುವುದು ಅಗತ್ಯ. ಅಲ್ಲಿಯ ತನಕ 28 ದಿನದ ಬಲದ ಪ್ರಮಾಣಪತ್ರವೊಂದನ್ನೇ ನೋಡಿ ಬಿಲ್ಲಿಗೆ ರುಜು ಹಾಕುವ ಅಧಿಕಾರಿಗಳು ಫಿನಾಲ್ಫ್ತಲೀನಿನ ಒಂದು ಸೀಸೆಯನ್ನು ಮೇಜಿನ ಮೇಲೆ ಇರಿಸಿಕೊಳ್ಳಲಿ. ಹೊಸದಾಗಿ ಒಡೆದ ಕಾಂಕ್ರೀಟಿನ ಮೇಲೆ ಸಿಂಪಡಿಸಿದರೆ ಕ್ಷಾರವಿರುವಲ್ಲಿ ಗುಲಾಬಿ ಬಣ್ಣ ಏರುತ್ತದೆ, ವಾಯು ಹೊಕ್ಕಲ್ಲಿ ಬಣ್ಣ ಬಾರದು. ಬಣ್ಣವಿಲ್ಲದ ಅಂಚು ಸರಳಿನ ಸಮೀಪಕ್ಕೆ ಬಂದಿದ್ದರೆ, ಆ ಮಾಲನ್ನು ತಂದ ಲಾರಿಯಲ್ಲಿಯೇ ಹಿಂದಕ್ಕೆ ಕಳುಹಿಸಬಹುದು.